ಮದುವೆಗೆ ಸೂಟು: ರೆಡಿಮೇಡ್ ಕೊಳ್ಳುವುದೋ, ಹೊಲಿಸುವುದೋ?

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯವರು ಸೂಟಿಗೆಂದು ಮಂಗಳೂರಿಗೆ ಹೊರಡುವ ಮೊದಲು ಈ ಕೆಲವು ವಿಷಯಗಳನ್ನು ಗಮನಿಸಬೇಕೆಂದು ಕೋರುತ್ತೇನೆ.

ರೆಡಿಮೇಡ್ ಕೋಟಿನಲ್ಲಿ ಮೊದಲು ನೋಡಬೇಕಾದದ್ದು ಹೆಗಲು. ತೋಳಿನ ಉದ್ದ, ಸೊಂಟದ ಸುತ್ತಳತೆ, ಪ್ಯಾಂಟಿನ ಉದ್ದ ಇವನ್ನೆಲ್ಲ ಪಳಗಿದ ದರ್ಜಿ ಸುಲಭವಾಗಿ ಸರಿಪಡಿಸುತ್ತಾರೆ. ಹೆಗಲು ತಪ್ಪಿದರೆ ಮಾತ್ರ ತೋಳು, ಕಾಲರು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ, ಆ ಖರ್ಚು ವ್ಯರ್ಥ. ಕೋಟು ತೊಟ್ಟು ಗೋಡೆಗೆ ಪಕ್ಕವಾಗಿ ನಿಂತು ನಿಧಾನಕ್ಕೆ ಒರಗಿ ನೋಡಿ: ನಿಮ್ಮ ತೋಳಿಗಿಂತ ಮೊದಲೇ ಹೆಗಲಿನ ಪ್ಯಾಡು ಗೋಡೆಗೆ ತಾಗಿ ಮಡಚಿಕೊಂಡರೆ ಅದು ನಿಮಗೆ ದೊಡ್ಡದು. ಹೆಗಲು ಸರಿಯಾಗಿ ಕೂತಿದ್ದು, ಮದುವೆಗೆ ವಾರವಷ್ಟೇ ಉಳಿದಿದ್ದರೆ ಧಾರಾಳವಾಗಿ ರೆಡಿಮೇಡ್ ಕೊಳ್ಳಿ.

ನನ್ನ ತಮ್ಮನಂತೆ ಒಂದು ಹೆಗಲು ತುಸು ಇಳಿದವರಿಗೆ, ಎದೆ ಅಗಲವಾಗಿ ಸೊಂಟ ಸಣ್ಣದಿರುವವರಿಗೆ ಹೊಲಿಸುವುದೇ ಮೇಲು. ಕೋಟು, ಪ್ಯಾಂಟು ಎರಡಕ್ಕೂ ಸಾಮಾನ್ಯ ಮೈಕಟ್ಟಿನವರಿಗೆ 58 ಇಂಚು ಅಗಲದ ಬಟ್ಟೆ ಸುಮಾರು 3 ರಿಂದ 3.25 ಮೀಟರ್ ಬೇಕು. ಕಚ್ಚಾ ಹೊಲಿಗೆ ಹಾಕಿದ ಹಂತದಲ್ಲಿ, ಅಂದು ತೊಡಲಿರುವ ಅಂಗಿ ಮತ್ತು ಬೂಟು ಹಾಕಿಕೊಂಡೇ ಒಮ್ಮೆ ಟ್ರಯಲ್ ನೋಡಲೇಬೇಕು. ಒಳಹೊಲಿಗೆಯಲ್ಲಿ ಒಂದಿಂಚಾದರೂ ಬಟ್ಟೆ ಬಿಡಿಸಿಕೊಂಡರೆ ಮುಂದೆ ಮೈ ತುಂಬಿಕೊಂಡಾಗ ಸಡಿಲಿಸಬಹುದು.

ನಮ್ಮ ಕರಾವಳಿಯ ಸೆಕೆಗೆ ದಪ್ಪ ಪಾಲಿಯೆಸ್ಟರ್ ಖಂಡಿತ ಬೇಡ. ತೆಳು ಉಣ್ಣೆಯ ಬಟ್ಟೆ, ಬೆನ್ನಿಗೆ ಅರ್ಧ ಲೈನಿಂಗ್ ಇದ್ದರೆ ಗಾಳಿಯಾಡುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಹತ್ತಿಯ ಹೊದಿಕೆ ಹಾಕಿಡಿ.