ಕೆನಡಾದ ಕ್ವಾರ್ಟರ್‌ಬ್ಯಾಕ್ ಒಬ್ಬರ ದಾಖಲೆ ಓದೋದು ಹೇಗೆ?

ಸಿಎಫ್‌ಎಲ್, ಅಂದರೆ ಕೆನಡಾದ ವೃತ್ತಿಪರ ಫುಟ್‌ಬಾಲ್ ಲೀಗ್. ಇಲ್ಲಿ ಫುಟ್‌ಬಾಲ್ ಅಂದರೆ ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಎಸೆದು ಆಡುವ ಆಟ. ಅಲ್ಲಿನ ಹಳೇ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವ ಆಟಗಾರ) ಒಬ್ಬರ ಅಂಕಿಅಂಶದ ಪುಟ ತೆರೆದರೆ ಮೊದಲು ಕಣ್ಣಿಗೆ ಬೀಳೋದು ಫೋನ್ ನಂಬರಿನಂಥ ಒಂದು ಸಂಖ್ಯೆ. ಆಂಟನಿ ಕ್ಯಾಲ್ವಿಯೊ ಪುಟದಲ್ಲಿ ಅದು 79,816. ಅಷ್ಟು ಗಜ ಪಾಸ್ ಎಸೆದಿದ್ದಾರೆ ಪುಣ್ಯಾತ್ಮ. ಇದನ್ನು ನೋಡಿದವರಲ್ಲಿ ಒಬ್ಬರು "ಅಬ್ಬಾ" ಅನ್ನುತ್ತಾರೆ, ಇನ್ನೊಬ್ಬರು "ಕೆನಡಾ ಲೀಗ್ ತಾನೆ, ಅಲ್ಲಿ ಯಾರು ಬೇಕಾದ್ರೂ ಎಸೀತಾರೆ ಬಿಡಿ" ಅನ್ನುತ್ತಾರೆ. ಇಬ್ಬರೂ ನೋಡಿದ್ದು ಕೆಳಗಿನ ಮೊತ್ತವನ್ನು ಮಾತ್ರ. ಪುಟ ಓದಿಲ್ಲ.

ಕೆನಡಾದಲ್ಲಿ ನೆಲೆಸಿದ ನಮ್ಮವರಿಗೆ ನವೆಂಬರ್ ಬಂತೆಂದರೆ ಆಫೀಸಿನಲ್ಲಿ ಗ್ರೇ ಕಪ್ (ಈ ಲೀಗ್‌ನ ಫೈನಲ್) ಮಾತು ಕಿವಿಗೆ ಬೀಳುತ್ತದೆ. ಆಗ ಸುಮ್ನೆ ತಲೆ ಆಡಿಸುವ ಬದಲು ಈ ಪುಟ ಓದಲು ಕಲಿತರೆ ಒಳ್ಳೆಯದು. ಕಷ್ಟ ಏನಿಲ್ಲ. ಕ್ರಿಕೆಟ್ ಸರಾಸರಿ ಹಿಡಿದು ಜಗಳ ಆಡಿ ಬೆಳೆದವರಿಗೆ ಅರ್ಧ ಕೆಲಸ ಆಗಲೇ ಗೊತ್ತಿರುತ್ತದೆ. ಉದಾಹರಣೆಗೆ ಕ್ಯಾಲ್ವಿಯೊ ಅವರನ್ನೇ ಹಿಡಿಯೋಣ. ಓದುವವರು ಎಡವುವ ಜಾಗ ಎಲ್ಲವೂ ಅವರ ಪುಟದಲ್ಲಿವೆ.

ಮೊದಲು ಪುಟ ಮುಚ್ಚಿ, ಮೈದಾನ ನೋಡಿ. ಅಮೆರಿಕದ ಲೀಗ್ ಎನ್‌ಎಫ್‌ಎಲ್‌ನಲ್ಲಿ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಅದಕ್ಕೆ ಡೌನ್ ಅನ್ನುತ್ತಾರೆ. ಕೆನಡಾದಲ್ಲಿ ಮೂರೇ. ಮೂರನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದು ದೂರ ಕಳಿಸುತ್ತಾರೆ, ಹಾಗಾಗಿ ಲೆಕ್ಕಕ್ಕೆ ಮೂರಾದರೂ ಕೈಯಲ್ಲಿರೋದು ಎರಡೇ. ಎರಡು ಏಟಿನಲ್ಲಿ 10 ಗಜ ಬೇಕಾದಾಗ ಎರಡೆರಡು ಗಜ ಓಡಿಸಿಕೊಂಡು ಕೂತರೆ ಆಗುತ್ತಾ? ಎಸೆಯಲೇಬೇಕು. ಒಂದೊಂದು ಕಡೆ 11ರ ಬದಲು 12 ಜನ. ಮೈದಾನ 110 ಗಜ ಉದ್ದ, 65 ಗಜ ಅಗಲ. (ಉದ್ದವನ್ನು 2027ರಿಂದ 100 ಗಜಕ್ಕೆ ಇಳಿಸುವುದಾಗಿ ಲೀಗ್ 2025ರಲ್ಲಿ ಘೋಷಿಸಿ ಎಷ್ಟೋ ಅಭಿಮಾನಿಗಳ ಬೈಗುಳ ತಿಂದಿದೆ. ಜಾರಿಗೆ ಬಂದ ಮೇಲೆ ಈ ಪುಟಗಳನ್ನು ಇನ್ನೂ ಹುಷಾರಾಗಿ ಓದಬೇಕು.)

ಇದಕ್ಕಿಂತ ಚೆಂದದ್ದು ಇನ್ನೊಂದಿದೆ. ಎನ್‌ಎಫ್‌ಎಲ್‌ನಲ್ಲಿ ಚೆಂಡು ಹಿಂದಕ್ಕೆ ಚಿಮ್ಮುವ ತನಕ ಆಟಗಾರರು ಹೆಚ್ಚುಕಡಿಮೆ ಕಲ್ಲಿನ ಹಾಗೆ ನಿಂತಿರಬೇಕು. ಒಬ್ಬರು ಮಾತ್ರ ಆಚೀಚೆ ಸರಿಯಬಹುದು. ಕೆನಡಾದಲ್ಲಿ ರಿಸೀವರ್‌ಗಳು, ಅಂದರೆ ಪಾಸ್ ಹಿಡಿಯುವವರು, ಹತ್ತಾರು ಗಜ ಹಿಂದಿನಿಂದಲೇ ಓಡಿ ಬರುತ್ತಾರೆ, ಮೂರು ನಾಲ್ಕು ಜನ ಒಟ್ಟಿಗೆ, ಬೌಲರ್ ರನ್‌ಅಪ್ ತಗೊಂಡ ಹಾಗೆ. ಅವರು ಚೆಂಡು ಇಟ್ಟ ಗೆರೆ ಮುಟ್ಟುವುದೂ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬರುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಅರ್ಧ ಹೆಜ್ಜೆ ಮುಂಚೆ ದಾಟಿದರೆ ನೋಬಾಲ್ ಇದ್ದಂತೆ, ದಂಡ. ಸರಿಯಾಗಿ ಬಂದರೆ, ಎದುರು ನಿಂತ ಡಿಫೆಂಡರ್ ಇನ್ನೂ ಹಿಂದಕ್ಕೆ ತಿರುಗುವಷ್ಟರಲ್ಲಿ ಇವನು ಪೂರ್ತಿ ವೇಗದಲ್ಲಿ ಪಕ್ಕದಲ್ಲೇ ಹಾದು ಹೋಗಿರುತ್ತಾನೆ. ಇದಕ್ಕೆ ಅಲ್ಲಿ ವ್ಯಾಗಲ್ ಅಂತ ಹೆಸರು. ನನ್ನ ಕೇಳಿದರೆ ಇದೊಂದನ್ನು ನೋಡಲಿಕ್ಕಾದರೂ ಟಿಕೆಟ್ ತಗೋಬಹುದು.

ಹೀಗಿರುವಾಗ ಗಜಗಳು ಜಾಸ್ತಿ ಆಗದೆ ಇನ್ನೇನು. 1991ರಲ್ಲಿ ಇದೇ ಲೀಗ್‌ನ ಡಗ್ ಫ್ಲೂಟಿ ಒಂದೇ ಸೀಸನ್‌ನಲ್ಲಿ 6,619 ಗಜ ಎಸೆದರು. 1994ರಲ್ಲಿ ಮ್ಯಾಟ್ ಡನಿಗನ್ ಒಂದೇ ಪಂದ್ಯದಲ್ಲಿ 713. ಇವನ್ನು ಎನ್‌ಎಫ್‌ಎಲ್ ಅಂಕಿಗಳ ಪಕ್ಕ ಇಟ್ಟು ಯಾರು ದೊಡ್ಡವರು ಅಂತ ಕೇಳೋದು, 60 ಓವರ್ ಕಾಲದ ಸ್ಟ್ರೈಕ್ ರೇಟನ್ನು ಟಿ20 ಜತೆ ತೂಗಿದ ಹಾಗೆ. ಲೀಗ್ ಒಳಗೇ ಹೋಲಿಸಿ. ಅಲ್ಲೂ ಒಂದು ಎಚ್ಚರ ಬೇಕು: 1986ರಿಂದ ಸೀಸನ್‌ಗೆ 18 ಪಂದ್ಯ, ಅದಕ್ಕೂ ಮುಂಚೆ 16. ವಾರನ್ ಮೂನ್ 1983ರಲ್ಲಿ ಎಸೆದ 5,648 ಗಜ ಫ್ಲೂಟಿ ಮುಂದೆ ಸಣ್ಣದಾಗಿ ಕಾಣುತ್ತದೆ. 16ರಿಂದ ಭಾಗಿಸಿದರೆ ಪಂದ್ಯಕ್ಕೆ 353. ಫ್ಲೂಟಿ ಅವರದ್ದು 18ರಿಂದ ಭಾಗಿಸಿದರೆ 368ರ ಹತ್ತಿರ. ಸಾವಿರ ಗಜದ ಅಂತರ ಎಲ್ಲಿಗೆ ಬಂತು ನೋಡಿ.

ಈಗ ಪುಟ ತೆರೆಯಿರಿ. ಮೊತ್ತದ ಸಾಲಿಗೆ ಹೋಗಬೇಡಿ, ಕೈ ಅಡ್ಡ ಇಟ್ಟು ಮುಚ್ಚಿಬಿಡಿ. ಮೇಲಿನಿಂದ ವರ್ಷ ಮತ್ತು ತಂಡ, ಈ ಎರಡು ಕಾಲಂ ಮಾತ್ರ ಓದಿ.

ಕ್ಯಾಲ್ವಿಯೊ ಪುಟದ ಮೊದಲ ಸಾಲು: 1994, ಲಾಸ್ ವೇಗಸ್. ಹೌದು, ಅದೇ ಜೂಜಿನ ಲಾಸ್ ವೇಗಸ್. 1993ರಿಂದ 1995ರವರೆಗೆ ಈ ಲೀಗ್ ಅಮೆರಿಕದ ಊರುಗಳಲ್ಲೂ ಅಂಗಡಿ ತೆರೆದಿತ್ತು. ವೇಗಸ್ ತಂಡ ಒಂದೇ ಸೀಸನ್ ಆಡಿ ಬಾಗಿಲು ಹಾಕಿತು. ಲಾಸ್ ಏಂಜಲೀಸ್ ಕಡೆಯ ಹುಡುಗ, ಯೂಟಾ ಸ್ಟೇಟ್‌ನಲ್ಲಿ ಆಡಿ ಬಂದವನು, 22ರ ವಯಸ್ಸು. ಆ ವರ್ಷ ಎಸೆದ ಪಾಸ್‌ಗಳಲ್ಲಿ ಅರ್ಧದಷ್ಟೂ ಕೈ ಸೇರಲಿಲ್ಲ. ಟಚ್‌ಡೌನ್‌ಗಿಂತ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಸಿಗುವ ಆರು ಅಂಕ) ಎದುರಾಳಿ ಕೈಗೆ ಕೊಟ್ಟದ್ದೇ ಜಾಸ್ತಿ. ಮುಂದಿನ ಮೂರು ಸಾಲು ಹ್ಯಾಮಿಲ್ಟನ್. ಅದರಲ್ಲಿ 1997ರಲ್ಲಿ ತಂಡ ಗೆದ್ದದ್ದು 2, ಸೋತದ್ದು 16.

ಇಲ್ಲಿಗೆ ಪುಟ ಮಡಚಿಟ್ಟು ಯಾರನ್ನಾದರೂ ಕೇಳಿ, ಈ ಹುಡುಗನ ಗತಿ ಏನು ಅಂತ. ಊರಿಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳಲಿ ಅನ್ನುತ್ತಾರೆ. ನಾನೂ ಅದನ್ನೇ ಹೇಳ್ತಿದ್ದೆ.

ಆಮೇಲೆ 1998, ಮಾಂಟ್ರಿಯಲ್. ಇಲ್ಲಿ ಅಂಕಿಗಳು ದಿಢೀರ್ ಅಂತ ಸಣ್ಣದಾಗುತ್ತವೆ. ಗಾಯ ಆಯ್ತಾ, ಫಾರ್ಮ್ ಹೋಯ್ತಾ ಅನಿಸುತ್ತದೆ. ಎರಡೂ ಅಲ್ಲ, ಮುಂದೆ ಬೇರೊಬ್ಬರು ನಿಂತಿದ್ದರು. ಅವರು ಟ್ರೇಸಿ ಹ್ಯಾಮ್. 1995ರಲ್ಲಿ ಬಾಲ್ಟಿಮೋರ್ ತಂಡಕ್ಕೆ ಗ್ರೇ ಕಪ್ ಗೆದ್ದುಕೊಟ್ಟವರು. ಅದೇ ತಂಡದ ಮಾಲೀಕರು ಮರುವರ್ಷ ಮಾಂಟ್ರಿಯಲ್‌ಗೆ ಬಂದು ಆಲುವೆಟ್ಸ್ ಅನ್ನೋ ಅಲ್ಲಿನ ಹಳೇ ತಂಡದ ಹೆಸರನ್ನು ಮತ್ತೆ ಎಬ್ಬಿಸಿದಾಗ ಹ್ಯಾಮ್ ಕೂಡ ಜತೆಗೆ ಬಂದರು. ಕ್ಯಾಲ್ವಿಯೊ ಎರಡು ವರ್ಷ ಅವರ ಹಿಂದೆ ನಿಂತು ಕಲಿತರು. ಒಬ್ಬ ಕ್ವಾರ್ಟರ್‌ಬ್ಯಾಕ್ ಪುಟದಲ್ಲಿ ಸಣ್ಣ ಅಂಕಿಯ ವರ್ಷ ಸಿಕ್ಕಿದರೆ ತಕ್ಷಣ ಅದೇ ವರ್ಷದ ತಂಡದ ಪಟ್ಟಿ ತೆಗೆದು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಯಾರು ಅಂತ ನೋಡಿ. ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದ ಅಭ್ಯಾಸ ಇದೇ.

ಬ್ಯಾಕಪ್ ವರ್ಷಗಳಲ್ಲಿ ಇನ್ನೊಂದು ಮೋಸ ಇದೆ. ಪಾಸ್ ಏನೂ ಇರೋದಿಲ್ಲ, ಆದರೆ ಓಡಿ ಹೊಡೆದ ಟಚ್‌ಡೌನ್ ಕೈತುಂಬಾ ಇರುತ್ತವೆ. ಓಹೋ ಭಾರಿ ಓಟಗಾರ ಅಂದುಕೊಳ್ಳಬೇಡಿ. ಕೆನಡಾ ನಿಯಮದಲ್ಲಿ ಡಿಫೆನ್ಸ್‌ನವರು ಚೆಂಡಿನಿಂದ ಒಂದು ಗಜ ಹಿಂದೆ ನಿಲ್ಲಬೇಕು. ಒಂದೇ ಗಜ ಬೇಕಿದ್ದಾಗ ಚೆಂಡು ಹಿಡಿದು ನುಗ್ಗಿಬಿಟ್ಟರೆ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಆ ಗುಂಪಿನ ಒಳಗೆ ದುಬಾರಿ ಸ್ಟಾರ್ಟರ್‌ನ ಮೈ ಯಾಕೆ ಹಾಳುಮಾಡಬೇಕು? ಎಳೇ ಹುಡುಗನನ್ನು ಕಳಿಸುತ್ತಾರೆ, ಅವನು ನುಗ್ಗುತ್ತಾನೆ, ಮೂರು ಸೆಕೆಂಡಿನ ಕೆಲಸ ಮುಗಿಸಿ ಮತ್ತೆ ಬೆಂಚಿಗೆ.

2000ಕ್ಕೆ ಬನ್ನಿ. 27 ಟಚ್‌ಡೌನ್, 4 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). ಈಗ ಗಜಗಳನ್ನು ಪಕ್ಕಕ್ಕಿಟ್ಟು ಈ ಎರಡು ಅಂಕಿಗಳ ನಡುವಿನ ಅನುಪಾತ ನೋಡಲು ಶುರುಮಾಡಿ. ವೇಗಸ್‌ನಲ್ಲಿ ಒಂದಕ್ಕೊಂದೂ ಸಮ ಇರಲಿಲ್ಲ, ಇಲ್ಲಿ ಒಂದು ಕಳಕೊಂಡರೆ ಹತ್ತಿರ ಹತ್ತಿರ ಏಳು ಗಳಿಕೆ. ಅದೇ ತೋಳು ಕಣ್ರೀ. ಮೈದಾನದ ಒಂದು ಪಕ್ಕಕ್ಕೆ ಚೆಂಡು ಇದ್ದಾಗ ಎದುರು ಬದಿಯ ಗೆರೆಗೆ ಆ ಕಾಲದಲ್ಲಿ 41 ಗಜ ದೂರ. ಅಲ್ಲಿಗೆ ಎಸೆದ ಚೆಂಡು ಗಾಳಿಯಲ್ಲಿ ಇರುವಷ್ಟು ಹೊತ್ತು ಡಿಫೆಂಡರ್‌ಗೆ ಓಡಿ ಬರಲು ಸಮಯ. ಹಾಗಾಗಿ ರಿಸೀವರ್ ತಿರುಗುವ ಮುಂಚೆಯೇ ಬಿಡಬೇಕು. ಎಲ್ಲಿ ಬಿಡಬೇಕು ಅನ್ನೋದು ಬರುವುದಕ್ಕೆ ಇವರಿಗೆ ಆರು ಸೀಸನ್ ಹಿಡಿಯಿತು, ಅದರಲ್ಲಿ ಎರಡು ನೋಡುವುದರಲ್ಲೇ ಹೋಯಿತು.

ಈಗ ಕೈ ತೆಗೆದು ಮೊತ್ತ ನೋಡಬಹುದು. 9,437 ಸಲ ಎಸೆದು 5,892 ಸಲ ಮುಟ್ಟಿಸಿದ್ದಾರೆ, ಶೇಕಡ 62ಕ್ಕೆ ಸ್ವಲ್ಪ ಮೇಲೆ. ಗಜಗಳನ್ನು ಎಸೆತಗಳಿಂದ ಭಾಗಿಸಿ: ಎಸೆತಕ್ಕೆ ಸುಮಾರು 8.5 ಗಜ. ಎರಡೇ ಅವಕಾಶದ ಆಟದಲ್ಲಿ ಇದರ ಬೆಲೆ ಗೊತ್ತಾಗುತ್ತದೆ, ಅಲ್ವಾ? 455 ಟಚ್‌ಡೌನ್, 224 ಇಂಟರ್‌ಸೆಪ್ಷನ್. 79,816 ಗಜ ಅವರು ನಿವೃತ್ತರಾದಾಗ ವೃತ್ತಿಪರ ಫುಟ್‌ಬಾಲ್‌ನಲ್ಲೇ, ಎನ್‌ಎಫ್‌ಎಲ್ ಸೇರಿಸಿ, ಅತಿ ಹೆಚ್ಚು.

ಗ್ರೇ ಕಪ್ ಲೆಕ್ಕ ಹಿಡಿದು ಬೈಯುವವರು ಸಿಗುತ್ತಾರೆ. ಕ್ಯಾಲ್ವಿಯೊ ಸ್ಟಾರ್ಟರ್ ಆಗಿ ಎಂಟು ಫೈನಲ್ ಆಡಿ ಗೆದ್ದದ್ದು ಮೂರು: 2002, 2009, 2010. ಐದು ಸೋತರಲ್ಲ ಅನ್ನುತ್ತಾರೆ. ನಾನು ಎಂಟು ಸಲ ಅಲ್ಲಿಗೆ ಹೋದರಲ್ಲ ಅನ್ನುತ್ತೇನೆ. ಅದೂ ಅಲ್ಲದೆ ಒಂದು ಫೈನಲ್‌ನ ಫಲಿತಾಂಶದಲ್ಲಿ ಕ್ವಾರ್ಟರ್‌ಬ್ಯಾಕ್ ಪಾಲು ಎಷ್ಟು ಅಂತ ತಿಳಿಯಬೇಕಿದ್ದರೆ 2009ರ ಫೈನಲ್‌ನ ಕೊನೆಯ ಕಾಲುಭಾಗ ಕೂತು ನೋಡಿ. ಕ್ಯಾಲ್ಗರಿಯಲ್ಲಿ, ನವೆಂಬರ್ ಕೊನೆ. ಸಸ್ಕ್ಯಾಚುವನ್ 27, ಮಾಂಟ್ರಿಯಲ್ 11. ಕ್ಯಾಲ್ವಿಯೊ ಒಂದು ಟಚ್‌ಡೌನ್ ತಂದರು, ಮೇಲೆ ಎರಡು ಅಂಕ. 27-19. ಇನ್ನೊಂದು ಟಚ್‌ಡೌನ್, ಆದರೆ ಈ ಸಲ ಮೇಲಿನ ಎರಡು ಸಿಗಲಿಲ್ಲ. 27-25. ಕೊನೆಗೊಮ್ಮೆ ಚೆಂಡು ಕೈಗೆ ಬಂತು, ಒದೆಯುವ ದೂರದವರೆಗೆ ತಂಡವನ್ನು ತಂದು ನಿಲ್ಲಿಸಿದರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಮಾಂಟ್ರಿಯಲ್ ಕಿಕ್ಕರ್ ಡೇಮನ್ ಡುವಾಲ್ 43 ಗಜದಿಂದ ಒದ್ದರು. ತಪ್ಪಿತು. ಸಮಯ ಸೊನ್ನೆ. ಸಸ್ಕ್ಯಾಚುವನ್‌ನವರು ಕುಣಿಯಲು ಮೈದಾನಕ್ಕೆ ನುಗ್ಗಿದರು. ಅಷ್ಟರಲ್ಲಿ ನೆಲದ ಮೇಲೆ ದಂಡದ ಬಾವುಟ ಬಿದ್ದಿತ್ತು. ಅವರ ಕಡೆ 12ರ ಬದಲು 13 ಜನ ನಿಂತಿದ್ದರು! ಹತ್ತು ಗಜ ಮುಂದೆ ತಂದು 33 ಗಜದಿಂದ ಮತ್ತೆ ಒದ್ದರು, ಚೆಂಡು ಕಂಬಗಳ ನಡುವೆ ಹೋಯಿತು, ಮೂರು ಅಂಕ. 28-27. ಕ್ಯಾಲ್ವಿಯೊ ಪುಟದಲ್ಲಿ ಒಂದು ಕಪ್ ಜಾಸ್ತಿ. ಆ ಹದಿಮೂರನೆಯವನು ಎಣಿಸಿಕೊಂಡು ಹೊರಗೆ ನಿಂತಿದ್ದರೆ ಅದೇ ಎಸೆತಗಳು, ಅದೇ ಧೈರ್ಯ, ಪುಟದಲ್ಲಿ ಇನ್ನೊಂದು ಸೋಲು.

ಪಂದ್ಯಗಳ ಕಾಲಂನಲ್ಲಿ 18 ಇಲ್ಲದ ವರ್ಷಗಳಿಗೆ ಗುರುತು ಹಾಕಿಕೊಳ್ಳಿ. 2007ರಲ್ಲಿ ಸೀಸನ್ ಕೊನೆಯಲ್ಲಿ ತಂಡ ಬಿಟ್ಟು ಮನೆಗೆ ಹೋಗಿದ್ದರು. ಹೆಂಡತಿಗೆ ಕ್ಯಾನ್ಸರ್ ಅಂತ ಗೊತ್ತಾಗಿತ್ತು. 2010ರ ಕಪ್ ಗೆದ್ದ ಮೇಲೆ ತಮ್ಮದೇ ಥೈರಾಯ್ಡ್‌ನಲ್ಲಿ ಗಡ್ಡೆ ಇದೆ ಅಂತ ಹೇಳಿಕೊಂಡರು. ಅದೂ ಕ್ಯಾನ್ಸರೇ. ಶಸ್ತ್ರಚಿಕಿತ್ಸೆ ಆಯಿತು, 2011ರಲ್ಲಿ ಮತ್ತೆ 5,000 ಗಜ ದಾಟಿದರು, ಅದೇ ವರ್ಷ ಹಿಂದಿನ ಕ್ವಾರ್ಟರ್‌ಬ್ಯಾಕ್ ಡೇಮನ್ ಆಲನ್ ಅವರ 72,381 ಗಜದ ದಾಖಲೆಯನ್ನೂ ಮುರಿದರು. 2013ರ ಸಾಲು ಅರ್ಧಕ್ಕೇ ನಿಂತಿದೆ. ಆಗಸ್ಟ್‌ನಲ್ಲಿ ತಲೆಗೆ ಬಿದ್ದ ಪೆಟ್ಟು. ಮತ್ತೆ ಆಡಲಿಲ್ಲ. ಕ್ವಾರ್ಟರ್‌ಬ್ಯಾಕ್‌ಗಳ ಪುಟ ಹೀಗೆ ಮಧ್ಯದಲ್ಲಿ ನಿಂತಿದ್ದರೆ ಕಾರಣ ಹೆಚ್ಚಾಗಿ ತಲೆ, ಭುಜ ಇಲ್ಲವೇ ಮೊಣಕಾಲು.

ಎನ್‌ಎಫ್‌ಎಲ್‌ಗೆ ಹೋದರಾ ಇಲ್ಲವಾ ಅನ್ನೋದನ್ನು ಪಾಸು ಫೇಲು ಮಾಡಬೇಡಿ. ವಾರನ್ ಮೂನ್ 1978ರಲ್ಲಿ ಎಡ್ಮಂಟನ್‌ಗೆ ಬಂದದ್ದು ಆಟ ಬರದೇ ಅಲ್ಲ. ಕಪ್ಪು ಹುಡುಗ ಕ್ವಾರ್ಟರ್‌ಬ್ಯಾಕ್ ಆಗೋದು ಬೇಡ, ಬೇರೆ ಜಾಗದಲ್ಲಿ ಆಡಲಿ ಅನ್ನುತ್ತಿದ್ದ ಕಾಲ ಅದು. ಸತತ ಐದು ಗ್ರೇ ಕಪ್ ಗೆದ್ದು 1984ರಲ್ಲಿ ಹ್ಯೂಸ್ಟನ್‌ಗೆ ಹೋದರು, ಎರಡೂ ದೇಶಗಳ ಹಾಲ್ ಆಫ್ ಫೇಮ್‌ಗೆ ಸೇರಿದರು. ಕ್ಯಾಲ್ವಿಯೊ ಎನ್‌ಎಫ್‌ಎಲ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ, 2014ರಲ್ಲಿ ಮಾಂಟ್ರಿಯಲ್ ಅವರ 13ನೇ ನಂಬರಿನ ಜೆರ್ಸಿಯನ್ನು ಯಾರಿಗೂ ಕೊಡದಂತೆ ಎತ್ತಿಟ್ಟಿತು.

ಹುಟ್ಟಿದ ಊರನ್ನೂ ಒಮ್ಮೆ ನೋಡಿ. ಬಹುತೇಕ ಎಲ್ಲರೂ ಅಮೆರಿಕದವರೇ. ಕೆನಡಾದಲ್ಲೇ ಹುಟ್ಟಿ ಮೆರೆದವರು ಅಂದರೆ ಹಳಬರು ಇವತ್ತಿಗೂ ಹೇಳೋದು ರಸ್ ಜಾಕ್ಸನ್ ಹೆಸರು. 1958ರಿಂದ 1969ರವರೆಗೆ ಆಟವಾ ತಂಡ, ಜತೆಗೆ ಶಾಲೆ ಮೇಷ್ಟ್ರು ಕೆಲಸ. ಈಗ ಆ ಮಾತು ನೇಥನ್ ರೋರ್ಕ್ ಕಡೆ ತಿರುಗಿದೆ.

ಇಷ್ಟು ಆದ ಮೇಲೆ ಒಂದು ಪಂದ್ಯ ನೋಡಿ. ಜೂನ್‌ನಿಂದ ನಡೆಯುತ್ತವೆ. ಮಾಂಟ್ರಿಯಲ್‌ನಲ್ಲಿದ್ದರೆ ಮೊಲ್ಸನ್ ಸ್ಟೇಡಿಯಂಗೇ ಹೋಗಿ, ಗುಡ್ಡದ ಇಳಿಜಾರಿನಲ್ಲಿದೆ, ಅಕ್ಟೋಬರ್ ನಂತರವಾದರೆ ಕೂರಲು ದಪ್ಪನೆಯ ಏನಾದರೂ ತಗೊಂಡು ಹೋಗಿ. (ಒದ್ದ ಚೆಂಡು ಹಿಂದಿನ ವಲಯಕ್ಕೆ ಹೋದಾಗ ಕೆಲವೊಮ್ಮೆ ಒಂದು ಅಂಕ ಕೊಡುತ್ತಾರೆ. ನಾನು ಮೊದಲ ಸಲ ಸ್ಕೋರ್‌ಬೋರ್ಡ್ ಕೆಟ್ಟಿದೆ ಅಂದುಕೊಂಡಿದ್ದೆ.) ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಎರಡನೇ ಡೌನ್, ಏಳೆಂಟು ಗಜ ಬೇಕು ಅಂದಾಗ ಕ್ವಾರ್ಟರ್‌ಬ್ಯಾಕ್ ಕಾಲು ನೋಡಿ. ಗಾಬರಿಯಾದವನ ಕಾಲು ಮೊದಲು ಹೇಳುತ್ತದೆ. ಮೂರನೇ ಡೌನ್, ಒಂದು ಗಜ ಬಂದಾಗ ಬೆಂಚಿನಿಂದ ಹೆಲ್ಮೆಟ್ ಸರಿಮಾಡಿಕೊಂಡು ಓಡಿ ಬರುವ ಹುಡುಗನ ನಂಬರ್ ಬರೆದಿಟ್ಟುಕೊಳ್ಳಿ. ಮನೆಗೆ ಬಂದು ಅವನ ಪುಟ ತೆಗೆಯಿರಿ. ಎರಡೋ ಮೂರೋ ಸಾಲು ಇರುತ್ತದೆ ಅಷ್ಟೇ.