ಪೋಸ್ಟ್‌ಗ್ರೆಸ್ ಫಂಕ್ಷನ್: ಆರ್ಗ್ಯುಮೆಂಟನ್ನು ಹೆಸರು ಹೇಳಿಯೇ ಕೊಡಿ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಮೇಕ್_ಇಂಟರ್ವಲ್ ಎಂಬ ಫಂಕ್ಷನ್ ಇದೆ. ವರ್ಷ, ತಿಂಗಳು, ವಾರ, ದಿನ, ಗಂಟೆ, ನಿಮಿಷ, ಸೆಕೆಂಡ್ ಎಂದು ಏಳು ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ತೆಗೆದುಕೊಂಡು ಒಂದು ಅವಧಿ ಮಾಡಿಕೊಡುತ್ತದೆ. ಹತ್ತು ದಿನ ಬೇಕಿದ್ದರೆ ಮೇಕ್_ಇಂಟರ್ವಲ್(0, 0, 0, 10) ಎಂದು ಬರೆಯಬಹುದು. ಆದರೆ ಮುಂದೆ ಓದುವವರಿಗೆ ಆ 10 ವಾರವೋ ದಿನವೋ ಹೇಗೆ ಗೊತ್ತಾಗಬೇಕು? ಮೇಕ್_ಇಂಟರ್ವಲ್(ಡೇಸ್ => 10) ಎಂದು ಬರೆದರೆ ಅನುಮಾನವೇ ಇಲ್ಲ. ಉಳಿದ ಆರಕ್ಕೂ ಡೀಫಾಲ್ಟ್ (ಏನೂ ಕೊಡದಿದ್ದಾಗ ಬಳಸುವ ಮೌಲ್ಯ) 0 ಇದೆ, ಹಾಗಾಗಿ ಬಿಡಬಹುದು.

ನಿಮ್ಮ ಫಂಕ್ಷನ್‌ಗೂ ಇದೇ ಅನುಕೂಲ ಮಾಡಿಕೊಡಿ. ಲೈಬ್ರರಿ ಪುಸ್ತಕ ತಡವಾದರೆ ದಂಡ ಲೆಕ್ಕ ಹಾಕುವ ಫಂಕ್ಷನ್ ಬೇಕು ಅಂದುಕೊಳ್ಳಿ: ದಂಡ(ತಡ, ದರ, ಮಿತಿ). ತಡವಾದ ದಿನಗಳನ್ನು ದಿನದ ದರದಿಂದ ಗುಣಿಸುತ್ತದೆ, ಆದರೆ ಮಿತಿಯನ್ನು ದಾಟುವುದಿಲ್ಲ. (ಯುಟಿಎಫ್-8 ಡೇಟಾಬೇಸ್ ಆದರೆ ಇಂಥ ಕನ್ನಡ ಹೆಸರುಗಳನ್ನೂ ಪೋಸ್ಟ್‌ಗ್ರೆಸ್ ಒಪ್ಪುತ್ತದೆ. ಧೈರ್ಯವಾಗಿ ಬಳಸಿ.)

ಎಷ್ಟು ದಿನ ತಡ ಎಂಬುದನ್ನು ಹೇಳಲೇಬೇಕು, ಅದನ್ನು ಮೊದಲು ಇಡಿ. ದರ, ಮಿತಿ ಎರಡಕ್ಕೂ ಡೇಟಾ ಟೈಪ್ ಬರೆದಮೇಲೆ ಡೀಫಾಲ್ಟ್ 2, ಡೀಫಾಲ್ಟ್ 100 ಎಂದು ಸೇರಿಸಿ. ಒಂದು ಆರ್ಗ್ಯುಮೆಂಟ್‌ಗೆ ಡೀಫಾಲ್ಟ್ ಕೊಟ್ಟರೆ ಅದರ ಮುಂದಿನ ಇನ್‌ಪುಟ್‌ಗಳಿಗೆಲ್ಲ ಕೊಡಲೇಬೇಕು.

ಈಗ ಕರೆಯಿರಿ. ದಂಡ(12) ಅಂದರೆ 24 ರೂಪಾಯಿ. ದಂಡ(12, ಮಿತಿ => 20) ಅಂದರೆ 20. ನಡುವಿನ ದರವನ್ನು ಮುಟ್ಟಲೇ ಇಲ್ಲ, ನೋಡಿ. ಹೆಸರಿಲ್ಲದವು ಮೊದಲು, ಹೆಸರಿರುವವು ಆಮೇಲೆ, ತಿರುಗಿಸಿದರೆ ಎರರ್. => ಗುರುತು 9.5ನೇ ಆವೃತ್ತಿಯಲ್ಲಿ ಬಂತು. ಹಳೆಯ ಕೋಡ್‌ನಲ್ಲಿ := ಕಂಡರೆ ಗಾಬರಿ ಬೇಡ, ಅದೂ ನಡೆಯುತ್ತದೆ.

ಜಾಸ್ತಿ ಜನ ಎಡವುವುದು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ವಿಷಯದಲ್ಲಿ. ದರ => ನಲ್ ಎಂದು ಕಳಿಸಿದರೆ ಡೀಫಾಲ್ಟ್ ಬರುವುದಿಲ್ಲ, ನಲ್ಲೇ ಒಳಗೆ ಹೋಗುತ್ತದೆ. ಡೀಫಾಲ್ಟ್ ಬೇಕಿದ್ದರೆ ಆ ಆರ್ಗ್ಯುಮೆಂಟನ್ನೇ ಬಿಡಬೇಕು.

ಇನ್ನೊಂದು ತೊಡಕು ಫಂಕ್ಷನ್ ಬದಲಿಸುವಾಗ. ಡೀಫಾಲ್ಟ್ ಇರುವ ನಾಲ್ಕನೇ ಆರ್ಗ್ಯುಮೆಂಟ್ ಸೇರಿಸಿ ಕ್ರಿಯೇಟ್ ಆರ್ ರಿಪ್ಲೇಸ್ (ಫಂಕ್ಷನ್ ಸೃಷ್ಟಿಸುವ ಇಲ್ಲವೇ ಇದ್ದದ್ದನ್ನು ಬದಲಿಸುವ ಕಮಾಂಡ್) ಓಡಿಸಿದರೆ ಹಳೆಯದು ಬದಲಾಗುವುದಿಲ್ಲ. ಪಕ್ಕದಲ್ಲಿ ಎರಡನೇ ದಂಡ ಹುಟ್ಟುತ್ತದೆ. ಆಮೇಲೆ ದಂಡ(12) ಎಂದರೆ ಯಾವುದೆಂದು ತಿಳಿಯದೆ ಎರರ್ ಬರುತ್ತದೆ. ಇನ್‌ಪುಟ್‌ನ ಹೆಸರು ಬದಲಿಸಲು, ಇದ್ದ ಡೀಫಾಲ್ಟ್ ತೆಗೆಯಲು ಕೂಡ ಈ ಕಮಾಂಡ್ ಬಿಡುವುದಿಲ್ಲ. ಅದಕ್ಕೇ ಹೆಸರನ್ನು ಮೊದಲೇ ಯೋಚಿಸಿ ಇಡಿ. ಬದಲಿಸಲೇಬೇಕಾದರೆ, ಎಲ್ಲವೂ ಆಗುವ ಇಲ್ಲವೇ ಏನೂ ಆಗದ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಳೆಯದನ್ನು ಡ್ರಾಪ್ ಮಾಡಿ ಹೊಸದನ್ನು ಸೃಷ್ಟಿಸಿ. ಡ್ರಾಪ್ ಆದಾಗ, ಫಂಕ್ಷನ್ ಬಳಸಲು ಕೊಟ್ಟಿದ್ದ ಅನುಮತಿಗಳಾದ ಹಳೆಯ ಗ್ರಾಂಟ್‌ಗಳೂ ಹೋಗುತ್ತವೆ, ಟ್ರಾನ್ಸಾಕ್ಷನ್ ಮುಗಿಸುವ ಕಮಿಟ್‌ಗೆ ಮುಂಚೆ ಅವನ್ನೂ ಮತ್ತೆ ಕೊಡಿ.