ಲೇಬಲ್‌ನಲ್ಲಿ 500, ಮಾತ್ರೆಯಲ್ಲಿ 600: ಡಿ3ಯಲ್ಲಿ ಕೊನೆಗೂ ನಿಂತ ಲೆಕ್ಕ

ವಿಟಮಿನ್ ಡಿ3 ಮಾತ್ರೆಯ ಲೇಬಲ್‌ನಲ್ಲಿ ಬರೀ 500 ಐಯು (ವಿಟಮಿನ್ ಅಳೆಯುವ ಮಾನ) ಅಂತ ಬರೆದರೆ ಯಾರೂ ಕೊಳ್ಳುವುದಿಲ್ಲ, ಸ್ಟೆಬಿಲಿಟಿಯೂ (ಕೆಡದೆ ಉಳಿಯುವ ಗುಣ) ನಿಲ್ಲುವುದಿಲ್ಲ ಅಂದವರೇ ಹೆಚ್ಚು. ಮೂರು ಬ್ಯಾಚ್ ಆರು ತಿಂಗಳ ಆಕ್ಸಿಲರೇಟೆಡ್ ಪರೀಕ್ಷೆ (ಹೆಚ್ಚು ಬಿಸಿ, ತೇವದಲ್ಲಿಟ್ಟು ನೋಡುವುದು) ದಾಟಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಇಕ್ಕಟ್ಟು ಗೊತ್ತಿರುವುದೇ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2016ರ ನಿಯಮ ಸಪ್ಲಿಮೆಂಟನ್ನು ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳಿದ ದಿನದ ಪ್ರಮಾಣಕ್ಕೆ ಕಟ್ಟಿಹಾಕಿತು, ಅದೇ ಮೇಲಿನ ಮಿತಿ. 2020ರ ಪಟ್ಟಿಯಂತೆ ದೊಡ್ಡವರಿಗೆ ಡಿ 600 ಐಯು. ಇತ್ತ ಲೇಬಲ್ ಅಂಕಿಗಿಂತ ಶೇ. 10ಕ್ಕೂ ಹೆಚ್ಚು ಇಳಿಯುವಂತಿಲ್ಲ. 60,000 ಐಯುವಿನ ಸ್ಯಾಷೆ ಡ್ರಗ್ ಲೈಸೆನ್ಸಿನ ಮಾಲು, ಆ ದಾರಿ ನಮಗಲ್ಲ.

ಮೊದಲು 600 ಬರೆದು ಶೇ. 25 ಓವರೇಜ್ (ಮುಂದೆ ಇಳಿಯುವುದಕ್ಕೆಂದು ಮೊದಲೇ ಹಾಕುವ ಹೆಚ್ಚುವರಿ) ಹಾಕಿದ್ದೆ. ಹೊಸ ಮಾತ್ರೆ ಸುಮಾರು 740 ತೋರಿಸಿತು, ಆರು ತಿಂಗಳಿಗೆ 520. ಮೇಲೂ ಫೇಲ್, ಕೆಳಗೂ ಫೇಲ್. ಕಿತ್ತಳೆ ರುಚಿಗೆ ಹಾಕಿದ ಸಿಟ್ರಿಕ್ ಆಸಿಡ್ ಡಿ3ಯ ರೂಪವನ್ನೇ ಬದಲಿಸುತ್ತದೆ. ಜಿಂಕ್ ಸಲ್ಫೇಟ್ ತನ್ನ ನೀರಂಶ ಬಿಡುತ್ತದೆ. 11 ಕೆಪಿ (ಗಟ್ಟಿತನ ಅಳೆಯುವ ಮಾನ) ಗಟ್ಟಿ ಒತ್ತಿದರೆ ಡಿ3 ಪುಡಿಯ ಹೊದಿಕೆ ಒಡೆದು ಗಾಳಿ ತಾಗುತ್ತದೆ. ಫಾಯಿಲ್, ಕಾರ್ಟನ್ ಸೇರಿ 45 ಸಾವಿರ ರೂಪಾಯಿಯಷ್ಟು ಮಣ್ಣುಪಾಲು.

ಈಗಿನ ಲೆಕ್ಕ: ಲೇಬಲ್‌ನಲ್ಲಿ 500, ಹಾಕುವುದು 600. ಮೇಲಿನ ಮಿತಿ ಮೊದಲ ದಿನವೂ ಮುರಿಯದು, ಕೆಳಗೆ 450ರವರೆಗೆ ಜಾಗ. 250 ಮಿ.ಗ್ರಾಂನ ಒಂದು ಲಕ್ಷ ಮಾತ್ರೆಗೆ, ಗ್ರಾಂಗೆ ಲಕ್ಷ ಐಯು ಇರುವ ಪುಡಿ 600 ಗ್ರಾಂ. ಸರ್ಟಿಫಿಕೇಟ್‌ನಲ್ಲಿ ಅಸ್ಸೇ (ಪುಡಿಯಲ್ಲಿ ಅಳೆದು ಸಿಕ್ಕ ಅಂಶ) 1,04,000 ಇದ್ದರೆ 577 ಗ್ರಾಂ ಸಾಕು. ಈ ತಿದ್ದುಪಡಿ ಮರೆತವರೇ ಮಿತಿ ಮೀರುವುದು. ಪುಡಿಗೆ ಅಷ್ಟೇ ತೂಕದ ಎಂಸಿಸಿ (ಮಾತ್ರೆಗೆ ತುಂಬುವ ಸೆಲ್ಯುಲೋಸ್ ಪುಡಿ) ಸೇರಿಸಿ 40 ಮೆಶ್‌ನಲ್ಲಿ ಜರಡಿ ಹಿಡಿಯಿರಿ, ಮತ್ತೆ ಆ ಮಿಶ್ರಣದಷ್ಟೇ, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ. ಒಂದೇ ಸಲ ಸುರಿದರೆ ಒಂದು ಮಾತ್ರೆಯಲ್ಲಿ 400, ಇನ್ನೊಂದರಲ್ಲಿ 800. ಅಚ್ಚಿಗೆ ಅಂಟದಂತೆ ಮೆಗ್ನೀಸಿಯಂ ಸ್ಟಿಯರೇಟ್ 125 ಗ್ರಾಂ, ಕೊನೆಗೆ ಮೂರೇ ನಿಮಿಷ ಬೆರೆಸಿ. ಗಟ್ಟಿತನ 6 ಕೆಪಿ. ಆಸಿಡ್ ಇಲ್ಲ, ಜಿಂಕ್ ಇಲ್ಲ. ಪ್ಯಾಕಿಂಗ್ ಆಲು-ಆಲು (ಎರಡೂ ಬದಿ ಅಲ್ಯುಮಿನಿಯಂ ಫಾಯಿಲ್), ಸ್ಟ್ರಿಪ್‌ಗೆ ಮುಕ್ಕಾಲು ರೂಪಾಯಿ ಜಾಸ್ತಿ, ಆದರೂ ಬಿಡಬೇಡಿ. ಎಂಸಿಸಿಯನ್ನು ಎಷ್ಟು ಒಣಗಿಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಆರು ತಿಂಗಳಿಗೆ 540ರ ಹತ್ತಿರ ನಿಂತಿದೆ.

ಗಮ್ಮಿಯಲ್ಲೂ (ಅಗಿಯುವ ಜೆಲ್ಲಿ ಮಿಠಾಯಿ) ನೋಡಿದೆ. ಪಾಕದ ಬಿಸಿ, ಆಸಿಡ್, ನೀರು ಮೂರೂ ಸೇರಿ ಶೇ. 35 ಓವರೇಜ್ ಕೇಳುತ್ತವೆ. ಆ ಲೆಕ್ಕಕ್ಕೆ ಲೇಬಲ್ 440ಕ್ಕೆ ಇಳಿಯಬೇಕು. ಕೈಬಿಟ್ಟೆ.

ಲ್ಯಾಬಿಗೆ ಕಳಿಸುವಾಗ ಪ್ರೀ-ವಿಟಮಿನ್ ಡಿಯನ್ನೂ ಕೂಡಿಸಿ ಲೆಕ್ಕ ಹಾಕಲು ಬರೆದುಕೊಡಿ. ಬಿಸಿಗೆ ಡಿ3ಯ ಒಂದು ಪಾಲು ಆ ರೂಪಕ್ಕೆ ಹೋಗಿ ಎಚ್‌ಪಿಎಲ್‌ಸಿ ಎಂಬ, ಅಂಶಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆಯಲ್ಲಿ ಬೇರೆ ಪೀಕ್ ಆಗಿ ಬರುತ್ತದೆ. ಅದನ್ನು ಬಿಟ್ಟರೆ ಒಳ್ಳೆಯ ಬ್ಯಾಚೂ ಫೇಲ್ ಎಂದೇ ವರದಿ ಬರುತ್ತದೆ, ಮರುಪರೀಕ್ಷೆಗೆ ಮತ್ತೆ ಮೂರೂವರೆ ಸಾವಿರ ಕಟ್ಟಬೇಕು.